ಡೈಪರ್, ಕಮೋಡ್ ಕುರ್ಚಿ, ಹಳೇ ಪಂಚೆ, ಕ್ಯಾಥೆಟರ್: ಮನೆಯ ಹಿರಿಯರಿಗೆ ಯಾವುದು, ಯಾವಾಗ?

ನಮ್ಮತ್ತೆಗೆ 83 ವರ್ಷ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಮಂಚದ ಮೇಲೆ ಕಂಬಳಿ ಮಡಚಿ ಹಾಕಿಕೊಂಡು ಅದರ ಮೇಲೇ ಕೂತಿದ್ದರು. ಕಾಫಿ ಇಲ್ಲಿಗೇ ತಂದುಕೊಡು ಅಂದರು. ಹತ್ತು ಗಂಟೆಯಾದರೂ ಏಳಲಿಲ್ಲ. ಸ್ನಾನ, ದೇವರ ದೀಪ ಒಂದು ದಿನವೂ ತಪ್ಪಿಸುವವರಲ್ಲ, ಹಾಗಾಗಿ ನನಗೆ ಅನುಮಾನ ಬಂತು. ಕಂಬಳಿ ಎತ್ತಿದರೆ ಹಾಸಿಗೆ ಒದ್ದೆ. "ಚೊಂಬಿನ ನೀರು ಚೆಲ್ಲಿಬಿಡ್ತು ಕಣೇ" ಅಂದರು. ಚೊಂಬು ಕಿಟಕಿ ಕಟ್ಟೆಯ ಮೇಲೆ, ಮುಚ್ಚಿದ ತಟ್ಟೆ ಸಮೇತ, ತುಂಬಿಕೊಂಡೇ ಇತ್ತು. ನಾನೂ "ಹೌದಾ, ಬಿಡಿ ಅತ್ತೆ" ಅಂದು ಹಾಸು ಬದಲಾಯಿಸಿದೆ.

ಅದೇ ಸಂಜೆ ನಮ್ಮ ಯಜಮಾನರು ದೊಡ್ಡ ಪ್ಯಾಕೆಟ್ ಡೈಪರ್ ತಂದಿಟ್ಟರು. ತಿಂಗಳೊಳಗೆ ಮನೆಯಲ್ಲೇ ಇದ್ದು ನೋಡಿಕೊಳ್ಳಲು ಹುಣಸೂರು ಕಡೆಯ ಒಬ್ಬ ಹೆಂಗಸನ್ನು ಇಟ್ಟುಕೊಂಡೆವು. ಡಾಕ್ಟರ ಹತ್ತಿರ ಹೋಗಿದ್ದು ಇದೆಲ್ಲ ಆದ ಮೇಲೆ. ಪೂರ್ತಿ ಉಲ್ಟಾ ಕೆಲಸ. ಸರ್ಜಿಕಲ್ ಅಂಗಡಿಗೆ ಹೋದರೆ ಹತ್ತು ಥರದ ವಸ್ತು ತೋರಿಸುತ್ತಾರೆ. ಅದರಲ್ಲಿ ನಮ್ಮ ಮನೆಗೆ ಯಾವುದು ಅಂತ ತೀರ್ಮಾನಿಸಲು ನಾನು ಈಗ ಒಂದೇ ಅಳತೆ ಇಟ್ಟುಕೊಂಡಿದ್ದೇನೆ. ರಾತ್ರಿ ಮೂರು ಗಂಟೆಗೆ, ಅರ್ಧ ನಿದ್ದೆಯಲ್ಲಿ, ಒಬ್ಬರೇ ಹೆಂಗಸು, ಸೊಂಟ ಹಿಡಿಸಿಕೊಳ್ಳದೆ ಇದನ್ನು ಮಾಡಬಲ್ಲರಾ? ಆಗಲ್ಲ ಅಂದರೆ ಅದು ಎಷ್ಟೇ ಒಳ್ಳೆಯದಿರಲಿ, ವಾರದಲ್ಲಿ ಮೂಲೆ ಸೇರುತ್ತದೆ.

ಕೊಳ್ಳುವ ಮುಂಚೆ ಡಾಕ್ಟರು

ವಯಸ್ಸಾಯಿತು, ಇದೆಲ್ಲ ಇದ್ದದ್ದೇ ಅಂತ ಬಿಡಬೇಡಿ. ಕಾರಣ ಕೆಲವು ಸಲ ತೀರಾ ಚಿಕ್ಕದಿರುತ್ತದೆ. ಮೂತ್ರದ ಸೋಂಕು ಇರಬಹುದು. ಹಿರಿಯರಲ್ಲಿ ಜ್ವರ, ಉರಿ ಏನೂ ಇಲ್ಲದೆ ಬರೀ ಗಲಿಬಿಲಿ, ಸಂಬಂಧವಿಲ್ಲದ ಮಾತು, ಇದ್ದಕ್ಕಿದ್ದಂತೆ ಬಟ್ಟೆ ಒದ್ದೆ ಆಗುವುದು, ಇಷ್ಟೇ ಕಾಣಬಹುದು. ಸಕ್ಕರೆ ಏರಿರಬಹುದು. ಮಲ ಗಟ್ಟಿಯಾಗಿ ಕೂತು ಮೂತ್ರದ ಚೀಲವನ್ನು ಒತ್ತುತ್ತಿರಬಹುದು. ಕಾಲಿನ ಊತಕ್ಕೆ ಕೊಡುವ ನೀರಿಳಿಸುವ ಮಾತ್ರೆ, ಸಕ್ಕರೆಗೆ ಕೊಡುವ ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ಇದ್ದರೆ ಮೂತ್ರ ಜಾಸ್ತಿ ಆಗುವುದು ಸಹಜ. ಮಾತ್ರೆ ನೀವೇ ನಿಲ್ಲಿಸಬೇಡಿ, ಹೊತ್ತು ಬದಲಾಯಿಸಬಹುದಾ ಅಂತ ಕೇಳಿ.

ಗಂಡಸರ ವಿಷಯದಲ್ಲಿ ಇನ್ನೊಂದು ಮೋಸ ಇದೆ. ಪ್ರಾಸ್ಟೇಟ್ ಗ್ರಂಥಿ ದಪ್ಪವಾಗಿ ದಾರಿ ಕಟ್ಟಿದ್ದರೆ ಒಳಗೆ ಚೀಲ ತುಂಬಿ ತುಳುಕಿ, ಹೊರಗೆ ಇಡೀ ದಿನ ತೊಟ್ಟು ತೊಟ್ಟಾಗಿ ಸೋರುತ್ತಿರುತ್ತದೆ. ನೋಡುವವರಿಗೆ ಹಿಡಿತ ತಪ್ಪಿದೆ ಅನ್ನಿಸುತ್ತದೆ, ನಿಜಕ್ಕೂ ಹೋಗುತ್ತಲೇ ಇಲ್ಲ. ಅವರಿಗೆ ಡೈಪರ್ ಕಟ್ಟಿ ಕೂರಿಸಿದರೆ ಕಿಡ್ನಿಗೇ ಪೆಟ್ಟು. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆ. ಮಾಡಿಸಿ.

ಡಾಕ್ಟರ ಹತ್ತಿರ ಹೋಗುವಾಗ ಮೂರು ದಿನದ ಲೆಕ್ಕ ಬರೆದುಕೊಂಡು ಹೋದರೆ ಅರ್ಧ ಕೆಲಸ ಆದಂತೆ. ನಾವು ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದೆವು: ಎಷ್ಟು ಗಂಟೆಗೆ ಏನು ಕುಡಿದರು, ಎಷ್ಟು ಗಂಟೆಗೆ ಹೋದರು, ಯಾವಾಗ ಒದ್ದೆ ಆಯಿತು. ನೋಡಿದರೆ ನಮ್ಮತ್ತೆ ಇಡೀ ದಿನ ಒದ್ದೆ ಮಾಡಿಕೊಳ್ಳುತ್ತಲೇ ಇರಲಿಲ್ಲ. ಬೆಳಿಗ್ಗೆ ಹತ್ತೂವರೆ ಹನ್ನೊಂದರ ಸುಮಾರಿಗೆ ಒಂದು ಸಲ, ಅದು ಎಂಟು ಗಂಟೆಯ ಮಾತ್ರೆಯ ಪ್ರಭಾವ. ಆಮೇಲೆ ರಾತ್ರಿ ಎರಡರಿಂದ ನಾಲ್ಕರೊಳಗೆ. ಹಗಲೆಲ್ಲ ಕಾಲು ಇಳಿಬಿಟ್ಟು ಕೂತವರಿಗೆ ಕಾಲಲ್ಲಿ ನೀರು ಇಳಿದಿರುತ್ತದೆ, ರಾತ್ರಿ ಮಲಗಿದಾಗ ಅದು ಮೇಲೆ ಬಂದು ಮೂತ್ರವಾಗುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಒಂದೆರಡು ಗಂಟೆ ದಿಂಬಿನ ಮೇಲೆ ಕಾಲಿಟ್ಟು ಮಲಗಿಸಲು ಶುರು ಮಾಡಿದೆವು. ಖರ್ಚಿಲ್ಲದ ಈ ಒಂದು ಕೆಲಸಕ್ಕೇ ರಾತ್ರಿ ಒಂದು ಸಲದ ಓಡಾಟ ತಪ್ಪಿತು.

ಸೋರುತ್ತದೆ ಅಂತ ನೀರು ಕುಡಿಯುವುದನ್ನು ಕಡಿಮೆ ಮಾಡಿಸುವವರಿದ್ದಾರೆ. ಮಾಡಬೇಡಿ. ಮೂತ್ರ ಗಟ್ಟಿಯಾದಷ್ಟೂ ಚೀಲ ಕೆರಳುತ್ತದೆ, ಸೋಂಕಿಗೆ ದಾರಿ, ಮಲವೂ ಗಟ್ಟಿ. ಬೆಳಿಗ್ಗೆಯಿಂದ ಸಂಜೆಯವರೆಗೆ ಚೆನ್ನಾಗಿ ಕುಡಿಸಿ, ಸಂಜೆ ಆರರ ನಂತರ ಕಡಿಮೆ ಮಾಡಿ, ಸಂಜೆಯ ಕಾಫಿ ಬಿಡಿಸಿ. ನಮ್ಮತ್ತೆ ಎಲ್ಲ ಒಪ್ಪಿದರು, ಕಾಫಿ ಒಂದು ಬಿಟ್ಟು. ಕೊನೆಗೆ ನಾಲ್ಕು ಗಂಟೆಗೆ ಅರ್ಧ ಲೋಟಕ್ಕೆ ರಾಜಿ ಆಯಿತು.

ಹಗಲಿಗೆ: ಎಬ್ಬಿಸಿ ಕರೆದುಕೊಂಡು ಹೋಗುವುದೋ, ಕಮೋಡ್ ಕುರ್ಚಿಯೋ, ಡೈಪರ್ರೋ

ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆಯುವವರಾದರೆ ಹಗಲು ಡೈಪರ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎರಡರಿಂದ ಮೂರು ಗಂಟೆಗೊಮ್ಮೆ ಕೇಳದೆಯೇ ಕರೆದುಕೊಂಡು ಹೋಗುವುದು ಎಲ್ಲಕ್ಕಿಂತ ಒಳ್ಳೆಯದು, ಜೊತೆಗೆ ಇದ್ದ ನಡಿಗೆಯೂ ಉಳಿಯುತ್ತದೆ. ಆದರೆ ಇದು ಮನೆಯಲ್ಲಿರುವ ನೋಡಿಕೊಳ್ಳುವವರ ತಾಳ್ಮೆ ಬೇಡುವ ಕೆಲಸ. ನಮ್ಮಲ್ಲಿ ಈಗ ನೋಡಿಕೊಳ್ಳುವ ಹೆಂಗಸು ಮೊದಲು "ಅಜ್ಜೀ, ಬರ್ತಾ ಇದ್ಯಾ?" ಅಂತ ಕೇಳುತ್ತಿದ್ದರು. ಪ್ರತಿ ಸಲ "ಇಲ್ಲ" ಅನ್ನುವ ಉತ್ತರ, ಹತ್ತು ನಿಮಿಷಕ್ಕೆ ಸೀರೆ ಒದ್ದೆ. ಈಗ "ಬನ್ನಿ ಅಜ್ಜಿ, ತುಳಸಿ ಕಟ್ಟೆ ತನಕ ಹೋಗ್ಬರೋಣ" ಅನ್ನುತ್ತಾರೆ, ಎದ್ದು ನಿಂತ ಮೇಲೆ "ಹಾಗೇ ಬಚ್ಚಲಿಗೂ ಹೋಗ್ಬಿಡೋಣ". ಇದು ಅವರೇ ಕಂಡುಹಿಡಿದುಕೊಂಡ ಉಪಾಯ, ನಾನು ಹೇಳಿಕೊಟ್ಟದ್ದಲ್ಲ. ಮರೆವಿನ ಕಾಯಿಲೆ ಇರುವವರಿಗಂತೂ ಪ್ರಶ್ನೆ ಕೇಳಿ ಪ್ರಯೋಜನವಿಲ್ಲ. ಬಚ್ಚಲ ಬಾಗಿಲು ಯಾವುದು ಅನ್ನುವುದೇ ಅವರಿಗೆ ಮರೆತಿರಬಹುದು. ಬಾಗಿಲು ತೆರೆದಿಟ್ಟು ರಾತ್ರಿ ಇಡೀ ದೀಪ ಉರಿಸಿ.

ಕಮೋಡ್ ಕುರ್ಚಿ ನಡುವಿನ ದಾರಿ. ಬಚ್ಚಲು ದೂರ, ಹೊಸ್ತಿಲು ಎತ್ತರ, ನೆಲ ಜಾರುತ್ತದೆ ಅನ್ನುವ ಮನೆಗಳಿಗೆ ಇದು ಬೇಕೇ ಬೇಕು. ನಾವು ಕೊಂಡದ್ದು ಮೂರೂವರೆ ಸಾವಿರಕ್ಕೆ. ಸರ್ಜಿಕಲ್ ಅಂಗಡಿಗಳಲ್ಲಿ ತಿಂಗಳ ಬಾಡಿಗೆಗೂ ಸಿಗುತ್ತದೆ. ಕೊಳ್ಳುವಾಗ ಎರಡು ನೋಡಿ. ಮೊದಲನೆಯದು, ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಎರಡನೆಯದು, ಚಕ್ರ ಇದ್ದರೆ ಬ್ರೇಕ್ ಇರಬೇಕು. ಇಲ್ಲವಾದರೆ ಚಕ್ರವಿಲ್ಲದ್ದೇ ವಾಸಿ, ಏಕೆಂದರೆ ಹಿಡಿದು ಕೂರುವಾಗ ಕುರ್ಚಿ ಹಿಂದೆ ಸರಿದು ಬೀಳುವುದು ತುಂಬಾ ಸಾಮಾನ್ಯ. ಪಾತ್ರೆಯಲ್ಲಿ ಮೊದಲೇ ಸ್ವಲ್ಪ ನೀರು ಹಾಕಿಟ್ಟರೆ ಮಲ ಅಂಟುವುದಿಲ್ಲ, ತೊಳೆಯುವವರು ಗೊಣಗುವುದಿಲ್ಲ. ಮಡಿಯ ಮಂದಿಗೆ ಮಲಗುವ ಕೋಣೆಯಲ್ಲಿ ಇದನ್ನು ಇಡುವುದೇ ದೊಡ್ಡ ತೊಂದರೆ. ನಮ್ಮತ್ತೆ ಒಂದು ವಾರ ಮಾತು ಬಿಟ್ಟಿದ್ದರು. ಮಧ್ಯೆ ಒಂದು ಪರದೆ ಕಟ್ಟಿ, ಅದು "ಬಚ್ಚಲ ಕಡೆ" ಅಂತ ಮಾಡಿದ ಮೇಲೆ ಒಪ್ಪಿದರು.

ತಾತಂದಿರಿಗೆ ಇದೆಲ್ಲ ಇಷ್ಟು ಕಷ್ಟವಿಲ್ಲ. ಪಂಚೆ ಉಡುವವರಾದರೆ ಯೂರಿನ್ ಬಾಟಲಿ ಸಾಕು, ಮಂಚದ ಪಕ್ಕ ತಗುಲಿಹಾಕಿ. ಮಲಗಿಕೊಂಡು ಹಿಡಿದರೆ ಚೆಲ್ಲುತ್ತದೆ, ಮಂಚದ ಅಂಚಿಗೆ ಕೂರಿಸಿ ಕೊಡಿ.

ಹಾಸಿಗೆ ಹಿಡಿದವರಿಗೆ ಬೆಡ್‌ಪ್ಯಾನ್ ಕೊಡಬಹುದು ಅಂತ ಎಲ್ಲರೂ ಹೇಳುತ್ತಾರೆ. ಒಬ್ಬರೇ ಹೆಂಗಸು 65 ಕಿಲೋ ಮನುಷ್ಯರ ಸೊಂಟ ಎತ್ತಿ ಬೆಡ್‌ಪ್ಯಾನ್ ಇಡುವುದು ಎಷ್ಟು ದಿನ ಸಾಧ್ಯ? ಪಕ್ಕಕ್ಕೆ ಹೊರಳಿಸಿ ಇಟ್ಟು ಮತ್ತೆ ತಿರುಗಿಸುವುದು ಕಲಿಸಿದರೆ ಸಾಧ್ಯ. ಕಲಿಸದಿದ್ದರೆ ಬೇಡ.

ರಾತ್ರಿಗೆ: ನಿಜವಾದ ಆಯ್ಕೆ ಇಲ್ಲಿದೆ

ಮನೆಯಲ್ಲೇ ಇರುವವರು ಅಂದರೆ 24 ಗಂಟೆ ಎಚ್ಚರ ಇರುವವರು ಅಂತ ನಾವು ತಿಳಿದುಬಿಡುತ್ತೇವೆ. ಹಗಲಿಡೀ ಎತ್ತಿ ಕೂರಿಸಿ, ರಾತ್ರಿ ನಾಲ್ಕು ಸಲ ಎದ್ದರೆ ಯಾರೂ ಮೂರು ತಿಂಗಳಿಗಿಂತ ಜಾಸ್ತಿ ನಿಲ್ಲುವುದಿಲ್ಲ. ನಮ್ಮಲ್ಲಿ ಮೊದಲು ಬಂದವರು 40 ದಿನಕ್ಕೆ "ಅಕ್ಕಾ, ಊರಲ್ಲಿ ಜಾತ್ರೆ" ಅಂತ ಹೋದವರು ಮತ್ತೆ ಬರಲಿಲ್ಲ, ಫೋನೂ ಎತ್ತಲಿಲ್ಲ. ತಪ್ಪು ನಮ್ಮದೇ. ಈಗಿನ ಲೆಕ್ಕ ಹೀಗೆ: ರಾತ್ರಿ ಒಂದೆರಡು ಸಲ ಎಬ್ಬಿಸಿದರೆ ಸಾಕು ಅನ್ನುವಂತಿದ್ದರೆ ಕಮೋಡ್ ಕುರ್ಚಿ. ಎರಡಕ್ಕಿಂತ ಜಾಸ್ತಿ ಆದರೆ ರಾತ್ರಿಗೆ ಡೈಪರ್, ಹಗಲಿಗೆ ಕುರ್ಚಿ. ಡೈಪರ್ ಸುತಾರಾಂ ಒಪ್ಪದಿದ್ದರೆ ಮನೆಯವರೇ ಒಂದು ಪಾಳಿ ಏಳಬೇಕು. ಬೇರೆ ದಾರಿ ನನಗೆ ಕಂಡಿಲ್ಲ.

ಕರೆಯಲು ಏನಾದರೂ ಬೇಕಲ್ಲ. ಹಿತ್ತಾಳೆ ಗಂಟೆ ಕೊಟ್ಟೆ. "ದೇವರ ಗಂಟೆ ಬಾರಿಸಿ ಉಚ್ಚೆ ಬಂತು ಅನ್ನಲಾ?" ಅಂತ ನನ್ನ ಮುಖವನ್ನೇ ನೋಡಿದರು. ಸರಿ, ರಿಮೋಟ್ ಇರುವ ಕಾಲಿಂಗ್ ಬೆಲ್ ತಂದೆವು. ಗುಂಡಿ ದಿಂಬಿನ ಪಕ್ಕ, ಬೆಲ್ಲು ಆ ಹೆಂಗಸಿನ ಹಾಸಿಗೆಯ ಹತ್ತಿರ. ಕೂಗಿ ಇಡೀ ಮನೆ ಎಬ್ಬಿಸುವ ಮುಜುಗರ ಇಲ್ಲ.

ಡೈಪರ್‌ನಲ್ಲಿ ಎರಡು ಬಗೆ, ಪಕ್ಕದಲ್ಲಿ ಅಂಟಿಸುವುದು ಮತ್ತು ಚಡ್ಡಿಯಂತೆ ಹಾಕುವುದು. ನಿಲ್ಲಬಲ್ಲವರಿಗೆ ಚಡ್ಡಿಯದ್ದು, ಮಲಗಿದ್ದವರಿಗೆ ಅಂಟಿಸುವುದು. ಇದನ್ನು ಅದಲುಬದಲು ಮಾಡಿದರೆ ಮೂರು ಗಂಟೆ ರಾತ್ರಿಯ ಪರೀಕ್ಷೆಯಲ್ಲಿ ಫೇಲು: ಮಲಗಿದವರ ಎರಡೂ ಕಾಲಿನಿಂದ ಒದ್ದೆ ಚಡ್ಡಿ ಎಳೆಯುವ ಹೊತ್ತಿಗೆ ಹಾಸಿಗೆಯೂ ಒದ್ದೆ. ಹಾಗೆ ಆದಾಗ ಪಕ್ಕದ ಹೊಲಿಗೆ ಹರಿದು ತೆಗೆಯಿರಿ, ಅದು ಹರಿಯಲೆಂದೇ ಇರುವುದು. ಅಳತೆ ತೆಗೆದುಕೊಳ್ಳುವಾಗ ಸೊಂಟ, ಕುಂಡಿ ಎರಡನ್ನೂ ಟೇಪಿನಲ್ಲಿ ಅಳೆದು ದೊಡ್ಡದಿರುವ ಅಂಕಿಗೆ ಕೊಳ್ಳಿ. ದೊಡ್ಡದಾದರೆ ಜಾಸ್ತಿ ಹೀರುತ್ತದೆ ಅಂತ ಎಕ್ಸ್‌ಎಲ್ ತಂದರೆ ತೊಡೆಯ ಸಂದಿಯಲ್ಲಿ ಸೋರುತ್ತದೆ. ಫ್ರೆಂಡ್ಸ್, ಡಿಗ್ನಿಟಿ, ಲಿಫ್ರೀ ಎಲ್ಲವೂ ಔಷಧಿ ಅಂಗಡಿಯಲ್ಲಿ ಸಿಗುತ್ತವೆ, ಚಿಕ್ಕ ಪ್ಯಾಕ್ ತಂದು ನೋಡಿ ಆಮೇಲೆ ಡಬ್ಬಿಗಟ್ಟಲೆ ತರಿಸಿ. ಬ್ರ್ಯಾಂಡಿಗಿಂತ ಅಳತೆಯೇ ಮುಖ್ಯ.

ಒಂದರೊಳಗೆ ಇನ್ನೊಂದು ಡೈಪರ್ ಹಾಕುವ ಅಭ್ಯಾಸ ತುಂಬಾ ಮನೆಗಳಲ್ಲಿದೆ. ಒಳಗಿನದರ ಹೊರಬದಿ ಪ್ಲಾಸ್ಟಿಕ್, ಅದನ್ನು ದಾಟಿ ಹೊರಗಿನದಕ್ಕೆ ಮೂತ್ರ ಹೋಗುವುದೇ ಇಲ್ಲ. ದುಡ್ಡೂ ದಂಡ, ಸೆಕೆಯೂ ಜಾಸ್ತಿ.

ಅಂಡರ್‌ಪ್ಯಾಡ್ ಅಂದರೆ ಹಾಸಿಗೆ ಮೇಲೆ ಹಾಸುವ ಹೀರುವ ಹಾಳೆ. ಇದನ್ನು ಡೈಪರ್ ಬದಲು ಬಳಸಬಹುದಾ ಅಂದರೆ, ಸ್ವಲ್ಪ ಸೋರುವವರಿಗೆ ಆದೀತು. ಜಾಸ್ತಿ ಹೋಗುವವರಿಗೆ ಅದು ಡೈಪರ್‌ನ ಕೆಳಗಿನ ಕಾವಲು ಮಾತ್ರ. ನಮ್ಮ ಹಾಸಿಗೆಯ ಕ್ರಮ ಹೇಳುತ್ತೇನೆ: ಹಾಸಿಗೆ, ಅದರ ಮೇಲೆ ರಬ್ಬರ್ ಶೀಟು, ಅದರ ಮೇಲೆ ಬೆಡ್‌ಶೀಟು, ಸೊಂಟದ ಭಾಗಕ್ಕೆ ಮಾತ್ರ ಅಡ್ಡಲಾಗಿ ನಾಲ್ಕು ಮಡಿಕೆ ಹತ್ತಿ ಸೀರೆ. ಒದ್ದೆಯಾದರೆ ಆ ಅಡ್ಡ ಸೀರೆ ಮಾತ್ರ ಎಳೆದು ಬದಲಾಯಿಸಿದರೆ ಆಯಿತು. ಅದನ್ನೇ ಹಿಡಿದು ಅವರನ್ನು ಮೇಲಕ್ಕೆ ಸರಿಸಲೂ ಬಹುದು. ರಬ್ಬರ್ ಶೀಟು ನೇರ ಮೈಗೆ ತಾಗಬಾರದು, ಬೆವೆತು ಚರ್ಮ ಕಿತ್ತುಬರುತ್ತದೆ.

ಹಳೇ ಪಂಚೆ, ಹತ್ತಿ ಸೀರೆ ಕಟ್ಟುವುದು ನಮ್ಮ ಅಜ್ಜಿಯರ ಕಾಲದ ದಾರಿ. ಮೈಗೆ ಅದರಷ್ಟು ಹಿತ ಯಾವುದೂ ಇಲ್ಲ, ಒಪ್ಪಿದೆ. ಆದರೆ ಒದ್ದೆಯಾದ ಕೂಡಲೇ ತೆಗೆಯಬೇಕು, ಡೈಪರಿನ ಹಾಗೆ ಅದು ತೇವ ಒಳಗೆ ಎಳೆದುಕೊಳ್ಳುವುದಿಲ್ಲ. ಒಗೆಯುವವರು ಯಾರು? ಮನೆ ಕೆಲಸಕ್ಕೆ ಬರುವವರು ಮುಟ್ಟುವುದಿಲ್ಲ, ನೋಡಿಕೊಳ್ಳುವವರು "ಅದು ನನ್ನ ಕೆಲಸ ಅಲ್ಲ" ಅನ್ನಬಹುದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಣಗುವುದೂ ಇಲ್ಲ. ಮಲವನ್ನೂ ಮೂತ್ರವನ್ನೂ ಎರಡು ತಾಸಿಗೊಮ್ಮೆ ನೋಡುವ ಜನ ತುಂಬಿದ ಮನೆಯಾದರೆ ಬಟ್ಟೆ, ಇಬ್ಬರು ಮೂವರ ಮನೆಯಾದರೆ ಡೈಪರ್.

ಲೆಕ್ಕ ಕೂಡ ನೋಡಿ. ಪೂರ್ತಿ ದಿನ ಡೈಪರ್ ಅಂದರೆ ಮೂರು ನಾಲ್ಕು ಬೇಕು. ನಾವು ಕೊಂಡ ದರ ಒಂದಕ್ಕೆ 40 ರೂಪಾಯಿ ಆಸುಪಾಸು, ದಿನಕ್ಕೆ ನಾಲ್ಕಾದರೆ ತಿಂಗಳಿಗೆ 4,800. ರಾತ್ರಿಗೊಂದೇ ಆದರೆ 1,200. ದುಡ್ಡು ಉಳಿಸಲು ಒಂದೇ ಡೈಪರನ್ನು ಹನ್ನೆರಡು ಗಂಟೆ ಬಿಡುವವರೂ ಇದ್ದಾರೆ, ಕೆಲಸ ಉಳಿಸಲು ಬಿಡುವವರೂ ಇದ್ದಾರೆ. ಆಮೇಲೆ ಹುಣ್ಣಿನ ಡ್ರೆಸಿಂಗ್‌ಗೆ ಕೊಡುವುದು ಇದರ ಹತ್ತರಷ್ಟು.

ಕ್ಯಾಥೆಟರ್: ಸುಲಭ ಅಂತ ಹಾಕಿಸಬೇಡಿ

"ಪೈಪು ಹಾಕಿಸಿಬಿಡಿ, ಯಾರಿಗೂ ತೊಂದರೆ ಇಲ್ಲ" ಅನ್ನುವ ಸಲಹೆ ನಿಮಗೂ ಬಂದೇ ಬರುತ್ತದೆ. ಕ್ಯಾಥೆಟರ್ ಅಂದರೆ ಮೂತ್ರದ ದಾರಿಯಿಂದ ಒಳಗೆ ತೂರಿಸಿ, ಮೂತ್ರವನ್ನು ಹೊರಗಿನ ಚೀಲಕ್ಕೆ ಇಳಿಸುವ ಪೈಪು. ನಮ್ಮ ಸೋದರಮಾವನಿಗೆ ಪಾರ್ಶ್ವವಾಯು ಆದಾಗ ಹಾಕಿ ಮನೆಗೆ ಕಳಿಸಿದ್ದರು. ಹೊರಗೆ ಜಾರಿ ಬರದ ಹಾಗೆ ಪೈಪಿನ ಒಳತುದಿಯಲ್ಲಿ ಸುಮಾರು 10 ಮಿಲಿ ನೀರು ತುಂಬಿದ ಪುಟ್ಟ ಬಲೂನು ಇರುತ್ತದೆ. ಒಂದು ರಾತ್ರಿ ಮಾವ ಗೊತ್ತಿಲ್ಲದೆ ಬಲೂನು ಸಮೇತ ಎಳೆದುಕೊಂಡರು. ಆ ರಕ್ತ, ಆ ಕೂಗು ಇವತ್ತಿಗೂ ನೆನಪಿದೆ. ಮರೆವು ಇರುವವರು ಎಳೆಯುವುದು ಬಹಳ ಸಾಮಾನ್ಯ. ದಿನ ಕಳೆದಂತೆ ಸೋಂಕಿನ ಅಪಾಯವೂ ಏರುತ್ತದೆ.

ಮೂತ್ರ ಕಟ್ಟಿಕೊಂಡಿದ್ದರೆ, ಬೆನ್ನ ಕೆಳಗಿನ ದೊಡ್ಡ ಹುಣ್ಣು ಒಣಗಬೇಕಿದ್ದರೆ, ಕೊನೆಯ ದಿನಗಳಲ್ಲಿ ಹೊರಳಿಸುವುದೇ ನೋವಾದರೆ, ಆಗ ಡಾಕ್ಟರೇ ಹೇಳುತ್ತಾರೆ. ಹಾಕಿದ್ದರೆ ಚೀಲ ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ನೆಲಕ್ಕೆ ತಾಗದಿರಲಿ, ಪೂರ್ತಿ ತುಂಬುವ ಮೊದಲೇ ಖಾಲಿ ಮಾಡಿ. ಸ್ನಾನಕ್ಕೆ ಕರೆದೊಯ್ಯುವಾಗ ಚೀಲವನ್ನು ಮಡಿಲ ಮೇಲೆ ಇಡುವುದನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ, ಮೂತ್ರ ವಾಪಸ್ ಒಳಗೆ ಹರಿಯುತ್ತದೆ. ಬದಲಾಯಿಸುವುದು ನರ್ಸ್ ಅಥವಾ ಡಾಕ್ಟರ ಕೆಲಸ. ಏಜೆನ್ಸಿಯಿಂದ ಬಂದವರನ್ನು ನಾವು "ಸಿಸ್ಟರ್" ಅಂತ ಕರೆದ ಮಾತ್ರಕ್ಕೆ ಅವರು ನರ್ಸ್ ಓದಿದವರಾಗಿರಬೇಕಿಲ್ಲ, ಕೇಳಿ ತಿಳಿದುಕೊಳ್ಳಿ.

ಗಂಡಸರಿಗೆ ಕಾಂಡೋಮ್ ಕ್ಯಾಥೆಟರ್ ಇನ್ನೊಂದು. ಒಳಗೆ ಏನೂ ಹೋಗುವುದಿಲ್ಲ, ಮೇಲಿನಿಂದ ತೊಡಿಸಿ ಚೀಲಕ್ಕೆ ಪೈಪು. ರಾತ್ರಿಗೆ ಮಾತ್ರ ಬಳಸಲು ಚೆನ್ನಾಗಿದೆ. ದಿನಾ ತೆಗೆದು ತೊಳೆದು ಚರ್ಮ ನೋಡಿ ಹೊಸದು ಹಾಕಬೇಕು. ಬಿಚ್ಚಿಹೋಗುತ್ತದೆ ಅಂತ ಸುತ್ತ ಮಾಮೂಲಿ ಪ್ಲಾಸ್ಟರ್ ಬಿಗಿದರೆ ರಕ್ತ ಓಡಾಟ ನಿಂತು ಅನಾಹುತವಾಗುತ್ತದೆ. ಮೂತ್ರ ಕಟ್ಟಿಕೊಳ್ಳುವವರಿಗೆ ಇದು ಉಪಯೋಗವಿಲ್ಲ.

ಮಲದ ವಿಷಯ

ಇದಕ್ಕೆ ಹೊತ್ತು ಗೊತ್ತು ಮಾಡುವುದೊಂದೇ ದಾರಿ. ತಿಂಡಿ, ಬಿಸಿ ಕಾಫಿ ಆದ ಅರ್ಧ ಗಂಟೆಗೆ ಕರುಳು ತಾನೇ ಅಲುಗಾಡುತ್ತದೆ, ಆಗ ಕುರ್ಚಿಯ ಮೇಲೆ ಕೂರಿಸಿ. ನಾಲ್ಕು ದಿನ ಹೋಗದೆ ಇದ್ದವರು ಇದ್ದಕ್ಕಿದ್ದಂತೆ ನೀರಿನಂತೆ ಸೋರಿಸಿದರೆ ಅದು ಭೇದಿ ಆಗಿರಲಿಕ್ಕಿಲ್ಲ. ಗಟ್ಟಿ ಮಲದ ಪಕ್ಕದಿಂದ ತೆಳ್ಳಗಿನದು ನುಸುಳಿರುತ್ತದೆ. ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಇನ್ನೂ ಕಟ್ಟುತ್ತದೆ. ಡಾಕ್ಟರಿಗೆ ಫೋನ್ ಮಾಡಿ.

ಚರ್ಮಕ್ಕೆ ಉಗುರು ಬೆಚ್ಚಗಿನ ನೀರು, ಮೃದು ಸೋಪು, ಉಜ್ಜದೆ ಒತ್ತಿ ಒರೆಸುವುದು. ಹೆಂಗಸರಿಗೆ ಮುಂದಿನಿಂದ ಹಿಂದಕ್ಕೆ. ಡೆಟಾಲ್ ಹಾಕಬೇಡಿ. ಪೌಡರ್ ಬೆವರಿಗೆ ಗಂಟಾಗಿ ತರಚುತ್ತದೆ. ಜಿಂಕ್ ಆಕ್ಸೈಡ್ ಕ್ರೀಮ್ ತೆಳ್ಳಗೆ ಸವರಿ, ದಪ್ಪ ಮೆತ್ತಿದರೆ ಡೈಪರ್ ಹೀರುವುದಿಲ್ಲ. ಕೆಂಪಾದ ಜಾಗ ಬೆರಳಿನಿಂದ ಒತ್ತಿದಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅದು ಹುಣ್ಣಿನ ಶುರು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣುವುದಿಲ್ಲ, ಆ ಜಾಗ ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ಮುಟ್ಟಿ ನೋಡಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಲೇಬೇಕು.

ಏಜೆನ್ಸಿಯವರೋ, ಗೊತ್ತಿರುವವರೋ

ಏಜೆನ್ಸಿಯಲ್ಲಿ ಒಬ್ಬರು ಹೋದರೆ ಇನ್ನೊಬ್ಬರು ಬರುತ್ತಾರೆ, ಕಾಗದಪತ್ರ ಇರುತ್ತದೆ. ಮೈಸೂರಿನಲ್ಲಿ ನಮಗೆ ಹೇಳಿದ್ದು ತಿಂಗಳಿಗೆ 22,000, ನೋಂದಣಿ ಬೇರೆ. ಬೆಂಗಳೂರಿನಲ್ಲಿ ಇನ್ನೂ ಜಾಸ್ತಿ. ಅದರಲ್ಲಿ ಕೆಲಸ ಮಾಡುವವರ ಕೈಗೆ ಎಷ್ಟು ಹೋಗುತ್ತದೆ ಅಂತ ಕೇಳಿದರೆ ಸರಿಯಾದ ಉತ್ತರ ಬರಲಿಲ್ಲ. ಗೊತ್ತಿರುವವರ ಮೂಲಕ ಬಂದವರಿಗೆ ನಾವು 18,000 ಅವರ ಕೈಗೇ ಕೊಡುತ್ತೇವೆ. ತೊಂದರೆ ಏನೆಂದರೆ ಅವರಿಗೆ ಜ್ವರ ಬಂದ ದಿನ ನಾನೇ ಆಯಾ. ಹಿರಿಯರು ಎದ್ದು ಓಡಾಡುವಂತಿದ್ದರೆ ಗೊತ್ತಿರುವವರೇ ಒಳ್ಳೆಯದು ಅನ್ನುತ್ತೇನೆ, ನಾಚಿಕೆ ಬೇಗ ಹೋಗುತ್ತದೆ. ಪೂರ್ತಿ ಮಲಗಿದವರು, ಪೈಪು ಇರುವವರು ಆದರೆ ಏಜೆನ್ಸಿ. ಭಾರದ ಗಂಡಸರಿಗೆ ಗಂಡಸು ಅಟೆಂಡರನ್ನೇ ಕೇಳಿ.

ಸೇರಿಸಿಕೊಳ್ಳುವ ದಿನವೇ ಬಾಯಿಬಿಟ್ಟು ಮಾತಾಡಿ: ಡೈಪರ್ ಬದಲಾಯಿಸಬೇಕು, ಮಲ ತೊಳೆಯಬೇಕು, ಬಟ್ಟೆ ಒಗೆಯುವುದು ಇದೆಯೋ ಇಲ್ಲವೋ, ರಾತ್ರಿ ಎಷ್ಟು ಸಲ ಏಳಬೇಕು. "ವಯಸ್ಸಾದೋರಿಗೆ ಜೊತೆಗಿರೋದು ಅಷ್ಟೇ" ಅಂತ ಹೇಳಿ ಕರೆಸಿದರೆ ಎರಡನೇ ದಿನ ಹೊರಟುಬಿಡುತ್ತಾರೆ, ಅವರದೇನು ತಪ್ಪು? ಮಧ್ಯಾಹ್ನ ಎರಡು ಗಂಟೆ ಬಿಡುವು, ತಿಂಗಳಿಗೆ ನಾಲ್ಕು ರಜೆ, ಗ್ಲೌಸ್ ಡಬ್ಬಿ ಯಾವಾಗಲೂ ಮನೆಯಲ್ಲಿ. ಮಕ್ಕಳು ಅಮೆರಿಕದಲ್ಲೋ ದುಬೈನಲ್ಲೋ ಇದ್ದು ಕ್ಯಾಮೆರಾ ಹಾಕಿಸುತ್ತಾರೆ. ಹಜಾರಕ್ಕೆ ಹಾಕಿಸಿ. ಬಟ್ಟೆ ಬದಲಾಯಿಸುವ ಮಂಚದ ಕಡೆಗೆ ಬೇಡ, ಇಬ್ಬರಿಗೂ ಅವಮಾನ.

ಬಳಸಿದ ಡೈಪರನ್ನು ಮಲ ಇದ್ದರೆ ಕಮೋಡಿಗೆ ಕೊಡವಿ, ಸುತ್ತಿ, ಪೇಪರಿನಲ್ಲಿ ಕಟ್ಟಿ ಬೇರೆಯೇ ಇಡಬೇಕು. ಬೆಂಗಳೂರಿನಲ್ಲಿ ಇದು ಕೆಂಪು ಡಬ್ಬಿಯ ಕಸ, ಪೊಟ್ಟಣದ ಮೇಲೆ ಕೆಂಪು ಗುರುತು ಹಾಕಿ ಕೊಡಬೇಕು. ಕಸ ಎತ್ತುವವರು ಕೈಯಲ್ಲಿ ಬಿಡಿಸುತ್ತಾರೆ ಅನ್ನುವುದು ನೆನಪಿರಲಿ.

ಮದುವೆ ಮುಂಜಿಗೆ ಮಾತ್ರ ನಮ್ಮಲ್ಲಿ ಹಗಲೂ ಡೈಪರ್. ಚಡ್ಡಿಯ ಬಗೆಯದ್ದು, ಸೀರೆ ಒಳಗೆ ಗೊತ್ತೇ ಆಗುವುದಿಲ್ಲ. ಬ್ಯಾಗಿನಲ್ಲಿ ಎರಡು ಡೈಪರ್, ಒಂದು ಲಂಗ, ಟವೆಲ್ಲು, ಹಳೇ ಪೇಪರ್, ಕವರ್. ಹೋದ ಕೂಡಲೇ ಛತ್ರದ ಬಚ್ಚಲು ಎಲ್ಲಿದೆ, ಮೆಟ್ಟಿಲಿದೆಯಾ ಅಂತ ನಮ್ಮ ಹೆಂಗಸು ನೋಡಿಕೊಂಡು ಬರುತ್ತಾರೆ. ಹೋದ ವೈಶಾಖದಲ್ಲಿ ಅತ್ತೆ ಎರಡು ವರ್ಷದ ಮೇಲೆ ಮೊದಲ ಸಲ ಮದುವೆ ಮನೆಯಲ್ಲಿ ಊಟದ ತನಕ ಕೂತಿದ್ದರು. ಹೋಳಿಗೆಗೆ ತುಪ್ಪ ಸಾಲದು ಅಂತ ಬಡಿಸುವವರನ್ನು ಎರಡು ಸಲ ವಾಪಸ್ ಕರೆದರು.